ನ್ಯೂಯಾರ್ಕ್ ಪಕ್ಕದ ಕಾಡಲ್ಲಿ ದುಡ್ಡು ಕೊಡದೆ ಒಂದು ರಾತ್ರಿ: ಎಲ್ಲಿ, ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಾನು, ನನ್ನ ಹೆಂಡತಿ, 9 ವರ್ಷದ ಮಗ. ಎರಡು ಸಲ ದುಡ್ಡು ಕೊಟ್ಟು ಕ್ಯಾಂಪ್‌ಗ್ರೌಂಡಿಗೆ ಹೋಗಿದ್ದೆವು. ಎರಡೂ ಸಲ ಪಕ್ಕದವರ ಸ್ಪೀಕರ್, ಜನರೇಟರ್ ಸದ್ದಿಗೆ ನಿದ್ದೆಯೇ ಬರಲಿಲ್ಲ. ಮದುವೆಗೆ ಮುಂಚೆ ಕುಮಾರ ಪರ್ವತದಲ್ಲಿ ಟೆಂಟ್ ಹಾಕಿ ಮಲಗಿದ್ದು ಇನ್ನೂ ನೆನಪಿದೆ. ನ್ಯೂಯಾರ್ಕ್ ಹತ್ತಿರದ ಕಾಡುಗಳಲ್ಲಿ ಪುಕ್ಕಟೆಯಾಗಿ ಟೆಂಟ್ ಹಾಕಬಹುದು, ಪರ್ಮಿಟ್ಟೂ ಬೇಡ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜವೇ? ಕಾನೂನಿನ ತೊಂದರೆ ಬರುವುದಿಲ್ಲವೇ? ಕರಡಿ ಇರುತ್ತಂತಲ್ಲ? ಬರುವ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಹೋಗೋಣ ಅಂತಿದ್ದೇವೆ.

ಉತ್ತರ: ನಿಜ. ನಿಮ್ಮ ಮನೆಯಿಂದ ಟ್ರಾಫಿಕ್ ಇಲ್ಲದಿದ್ದರೆ ಸುಮಾರು ಒಂದೂಕಾಲು ಗಂಟೆ ದೂರದಲ್ಲಿ, ಒಂದು ಡಾಲರ್ ಕೊಡದೆ, ಯಾರ ಸಹಿಯೂ ಇಲ್ಲದೆ, ಕಾನೂನು ಪ್ರಕಾರವೇ ಕಾಡಿನಲ್ಲಿ ಮಲಗಬಹುದು. ಆದರೆ ‘ಎಲ್ಲಿ ಬೇಕಾದರೂ’ ಅಲ್ಲ. ನಮ್ಮವರು ಎಡವುವುದು ಇಲ್ಲೇ. ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನುವುದು ರಾಜ್ಯ ದಾಟಿದರೆ ಬದಲಾಗುತ್ತದೆ, ಕೆಲವು ಕಡೆ ರಸ್ತೆ ದಾಟಿದರೂ ಬದಲಾಗುತ್ತದೆ. ಹಾಗಾಗಿ ಮೊದಲು ಜಾಗದ ವಿಷಯ ಹೇಳುತ್ತೇನೆ, ಆಮೇಲೆ ಕರಡಿಗೆ ಬರೋಣ.

ನೀವಿರುವ ನ್ಯೂಜೆರ್ಸಿಯನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿನ ಸ್ಟೇಟ್ ಪಾರ್ಕ್, ಸ್ಟೇಟ್ ಫಾರೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಗುರುತು ಮಾಡಿದ ಸೈಟಿನಲ್ಲಿ, ಬುಕ್ ಮಾಡಿ, ದುಡ್ಡು ಕಟ್ಟಿಯೇ ಮಲಗಬೇಕು. ಕಾಡು ಎಷ್ಟೇ ದಟ್ಟವಾಗಿ ಕಂಡರೂ ಸುಮ್ನೆ ಒಳಗೆ ನಡೆದು ಟೆಂಟ್ ಹಾಕುವ ಹಾಗಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಹಾಗಲ್ಲ. ಅಲ್ಲಿ ಸುಮಾರು 22 ಲಕ್ಷ ಎಕರೆ ಸ್ಟೇಟ್ ಫಾರೆಸ್ಟ್ ಇದೆ. ಬೆನ್ನಿಗೆ ಚೀಲ ಏರಿಸಿ ನಡೆದು ಹೋಗಿ ಒಂದು ರಾತ್ರಿ ಮಲಗುವ ಚಿಕ್ಕ ಗುಂಪಿಗೆ ಪರ್ಮಿಟ್ ಬೇಡ, ಒಂದೇ ಜಾಗದಲ್ಲಿ ಇನ್ನೊಂದು ರಾತ್ರಿ ಉಳಿಯುವುದಾದರೆ ಬೇಕು. ಆದರೆ ಅಲ್ಲೇ ಪಕ್ಕದಲ್ಲಿ ‘ಗೇಮ್ ಲ್ಯಾಂಡ್ಸ್’ ಅಂತ ಬೋರ್ಡ್ ಇರುವ ಕಾಡುಗಳೂ ಇವೆ, ಅವು ಬೇಟೆಗಾಗಿ ಇಟ್ಟಿರುವವು. ಅಲ್ಲಿ ಟೆಂಟ್ ಹಾಕಬಾರದು. ಎರಡೂ ಕಾಡು, ಎರಡೂ ಸರ್ಕಾರದ್ದೇ, ನೋಡಲಿಕ್ಕೂ ಒಂದೇ ಥರ. ಬೋರ್ಡ್ ಓದದಿದ್ದರೆ ಗೊತ್ತೇ ಆಗುವುದಿಲ್ಲ.

ನಿಮ್ಮ ಮೂವರ ಮೊದಲ ರಾತ್ರಿಗೆ ನಾನು ಹೇಳುವ ಜಾಗ ನ್ಯೂಯಾರ್ಕ್ ರಾಜ್ಯದ ಹ್ಯಾರಿಮನ್ ಸ್ಟೇಟ್ ಪಾರ್ಕ್. ಸುಮಾರು 47 ಸಾವಿರ ಎಕರೆ ಕಾಡು, 200 ಮೈಲಿಗೂ ಹೆಚ್ಚು ಕಾಲುದಾರಿ, 31 ಕೆರೆ. ಇಷ್ಟೆಲ್ಲ ಇರುವುದು ಮ್ಯಾನ್‌ಹಟನ್‌ನಿಂದ ಸುಮಾರು 40 ಮೈಲಿ ದೂರದಲ್ಲಿ! ಇದು ಉಳಿದ ಕಥೆಯೂ ಚೆನ್ನಾಗಿದೆ. ನೂರಹತ್ತು ವರ್ಷಕ್ಕೂ ಹಿಂದೆ ಇದರ ಪಕ್ಕದ ಬೇರ್ ಮೌಂಟನ್‌ಗೆ ಸಿಂಗ್ ಸಿಂಗ್ ಜೈಲನ್ನು ತಂದು ಹಾಕಲು ಸರ್ಕಾರ ಹೊರಟಿತ್ತು. 1910ರಲ್ಲಿ ಮೇರಿ ಹ್ಯಾರಿಮನ್ ಅನ್ನುವವರು, ಆ ಜೈಲಿನ ಯೋಜನೆ ಕೈಬಿಡಬೇಕು ಅಂತ ಷರತ್ತು ಹಾಕಿ, 10 ಸಾವಿರ ಎಕರೆ ಜಮೀನು, 10 ಲಕ್ಷ ಡಾಲರ್ ಕೊಟ್ಟರು. ಜೈಲು ಬರಲಿಲ್ಲ, ಕಾಡು ಉಳಿಯಿತು. ಜಾರ್ಜಿಯಾದಿಂದ ಮೇನ್ ತನಕ ಹೋಗುವ ಅಪಲಾಚಿಯನ್ ಟ್ರೇಲ್ ಇದೆಯಲ್ಲ, ಅದರ ಮೊಟ್ಟಮೊದಲ ತುಂಡು 1923ರಲ್ಲಿ ತೆರೆದದ್ದೂ ಇಲ್ಲೇ.

ಹ್ಯಾರಿಮನ್‌ನಲ್ಲಿ ನಿಯಮ ತುಂಬಾ ಸರಳ. ಕಾಡಿನ ಒಳಗೆ ಅಲ್ಲಲ್ಲಿ ಕಲ್ಲಿನಿಂದಲೋ ಮರದಿಂದಲೋ ಕಟ್ಟಿದ ಶೆಲ್ಟರ್‌ಗಳಿವೆ. ಮೂರು ಕಡೆ ಗೋಡೆ, ಮೇಲೊಂದು ಸೂರು, ಮುಂದೆ ಪೂರಾ ತೆರೆದಿರುತ್ತದೆ. ನಮ್ಮ ಹಳ್ಳಿಗಳ ಬಸ್ ತಂಗುದಾಣ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೇ. ಮಲಗುವುದಾದರೆ ಈ ಶೆಲ್ಟರ್ ಒಳಗೆ ಮಲಗಬೇಕು, ಇಲ್ಲವೇ ಅದರಿಂದ 300 ಅಡಿ ಒಳಗೆ ಟೆಂಟ್ ಹಾಕಬೇಕು. ಬೇರೆ ಎಲ್ಲೂ ಹಾಕುವ ಹಾಗಿಲ್ಲ, ಕೆರೆ ದಡ ಎಷ್ಟೇ ಕರೆದರೂ. ಬುಕಿಂಗ್ ಇಲ್ಲ, ಶುಲ್ಕ ಇಲ್ಲ, ಮೊದಲು ಬಂದವರಿಗೆ ಮೊದಲು. ಶೆಲ್ಟರ್ ಯಾರೊಬ್ಬರದ್ದೂ ಅಲ್ಲ, ಜಾಗ ಇರುವವರೆಗೆ ಬಂದವರನ್ನು ಸೇರಿಸಿಕೊಳ್ಳಬೇಕು. ಮಳೆಯಲ್ಲಿ ನೆನೆದು ರಾತ್ರಿ ಒಂಬತ್ತಕ್ಕೆ ಯಾರಾದರೂ ಬಂದರೂ ಸ್ವಲ್ಪ ಸರಿದು ಜಾಗ ಮಾಡಿಕೊಡುವುದು ಇಲ್ಲಿನ ರೂಢಿ, ನನಗೆ ಇದು ತುಂಬಾ ಇಷ್ಟವಾದ ರೂಢಿ. ಆದರೆ ಚಿಕ್ಕ ಮಗುವಿನ ಜೊತೆ ಅಪರಿಚಿತರ ಪಕ್ಕ ಮಲಗುವುದು ಎಲ್ಲರಿಗೂ ಒಗ್ಗುವುದಿಲ್ಲ. ನಿಮ್ಮ ಟೆಂಟನ್ನು ಶೆಲ್ಟರ್‌ನಿಂದ ಸ್ವಲ್ಪ ಆಚೆ ಹಾಕಿಕೊಳ್ಳಿ. ಟೆಂಟ್ ಅಂತೂ ಒಯ್ಯಲೇಬೇಕು, ಶೆಲ್ಟರ್ ಖಾಲಿ ಇರುತ್ತದೆ ಅಂತ ನಂಬಿ ಹೋಗಬೇಡಿ.

ಯಾವ ಶೆಲ್ಟರ್? ಬಿಗ್ ಹಿಲ್, ವೆಸ್ಟ್ ಮೌಂಟನ್ ಎರಡರಿಂದಲೂ ಆಕಾಶ ತಿಳಿಯಾಗಿದ್ದರೆ ರಾತ್ರಿ ದೂರದಲ್ಲಿ ನ್ಯೂಯಾರ್ಕ್ ಸಿಟಿಯ ದೀಪಗಳು ಕಾಣುತ್ತವೆ. ದಿನಾ ಆ ಕಟ್ಟಡಗಳ ಕೆಳಗೆ ಓಡಾಡುವವರು ಒಂದು ಸಲ ಕಾಡಿನ ಬಂಡೆ ಮೇಲೆ ಕೂತು ಅವನ್ನು ಬೆರಳುದ್ದ ನೋಡಬೇಕು. ಇದೇ ಕಾರಣಕ್ಕೆ ಶನಿವಾರ ಅಲ್ಲಿ ಜನ ಜಾಸ್ತಿ. ಬಾಲ್ಡ್ ರಾಕ್ಸ್, ಟಾಮ್ ಜೋನ್ಸ್, ಫಿಂಗರ್‌ಬೋರ್ಡ್ ಕೂಡ ಒಳ್ಳೆಯ ಜಾಗಗಳೇ. ಕಾರು ಇಲ್ಲದವರಿಗೂ ಒಂದು ದಾರಿ ಇದೆ. ಎಡಿಸನ್‌ನಿಂದ ಸಿಕಾಕಸ್‌ಗೆ ರೈಲು, ಅಲ್ಲಿ ಪೋರ್ಟ್ ಜರ್ವಿಸ್ ಲೈನ್ ಹತ್ತಿ ಟಕ್ಸೀಡೋದಲ್ಲಿ ಇಳಿದರೆ, ಸ್ಟೇಷನ್ನಿಂದಲೇ ನಡೆದು ರಮಾಪೋ-ಡಂಡರ್‌ಬರ್ಗ್ ಟ್ರೇಲ್ ಹಿಡಿದು ಕಾಡು ಸೇರಬಹುದು. ಆ ಲೈನಿನಲ್ಲಿ ರೈಲು ಕಡಿಮೆ. ವಾಪಸ್ ಬರುವ ಗಾಡಿಯ ಸಮಯ ಮೊದಲೇ ಬರೆದಿಟ್ಟುಕೊಂಡು ಹೋಗಬೇಕು. ಮಗ ಇರುವುದರಿಂದ ನೀವು ಕಾರಲ್ಲೇ ಹೋಗಿ. ರಾತ್ರಿಯಿಡೀ ಕಾರು ನಿಲ್ಲಿಸಲು ಬಿಡುವ ಜಾಗವನ್ನೇ ಆರಿಸಿ, ಎಲ್ಲ ಪಾರ್ಕಿಂಗ್ ಜಾಗದಲ್ಲೂ ಅದಕ್ಕೆ ಅವಕಾಶ ಇಲ್ಲ. ಕಾರಿಂದ ಶೆಲ್ಟರ್ ಎರಡು ಮೈಲಿಗಿಂತ ಜಾಸ್ತಿ ದೂರ ಇರದಂತೆ ನೋಡಿಕೊಳ್ಳಿ. ಬೆನ್ನ ಮೇಲೆ ಭಾರ ಇಟ್ಟುಕೊಂಡು ಕಲ್ಲು ಹಾದಿಯಲ್ಲಿ ಒಂಬತ್ತು ವರ್ಷದ ಹುಡುಗನ ಜೊತೆ ಎರಡು ಮೈಲಿ ಅಂದರೆ ಎರಡು ಗಂಟೆ ಅಂತಲೇ ಲೆಕ್ಕ ಹಾಕಿ.

ಹ್ಯಾರಿಮನ್ ಒಂದೆರಡು ಸಲ ಆದ ಮೇಲೆ ಕ್ಯಾಟ್‌ಸ್ಕಿಲ್ ಬೆಟ್ಟಗಳು. ನಿಮ್ಮ ಮನೆಯಿಂದ ಎರಡೂವರೆ ಗಂಟೆ. ಸುಮಾರು ಏಳು ಲಕ್ಷ ಎಕರೆ ವಿಸ್ತಾರ, ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸರ್ಕಾರದ ಕಾಡು, ಉಳಿದದ್ದು ಊರುಗಳು, ಖಾಸಗಿ ಜಮೀನು. ಆ ಸರ್ಕಾರಿ ಕಾಡನ್ನು ‘ಎಂದೆಂದಿಗೂ ಕಾಡಾಗಿಯೇ ಇಡಬೇಕು’ ಅಂತ ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲೇ 1894ರಲ್ಲಿ ಬರೆದುಬಿಟ್ಟಿದ್ದಾರೆ. ಮಾರುವಂತಿಲ್ಲ, ಮರ ಕಡಿಯುವಂತಿಲ್ಲ. ಈ ಕಾಡಿನಲ್ಲಿ ನೀವೇ ಜಾಗ ಹುಡುಕಿಕೊಂಡು ಟೆಂಟ್ ಹಾಕಬಹುದು. ನೀವು ಕೇಳುತ್ತಿರುವ ಅಸಲಿ ಕಾಡಿನ ಕ್ಯಾಂಪಿಂಗ್ ಇದೇ. ನಲ್ಲಿ ಇಲ್ಲ, ಮೇಜು ಇಲ್ಲ, ದೀಪ ಇಲ್ಲ.

ಇಲ್ಲಿನ ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ. ರಸ್ತೆ, ಕಾಲುದಾರಿ, ನೀರು, ಈ ಮೂರರಿಂದಲೂ 150 ಅಡಿ ದೂರ ಇರಬೇಕು. ದೊಡ್ಡವರ ಹೆಜ್ಜೆಯಲ್ಲಿ ಸುಮಾರು 60 ಹೆಜ್ಜೆ. ‘ಇಲ್ಲಿ ಕ್ಯಾಂಪ್ ಮಾಡಿ’ ಅಂತ ಹಳದಿ ಬಿಲ್ಲೆ ಹೊಡೆದ ಜಾಗವಾದರೆ ಹತ್ತಿರವಿದ್ದರೂ ಸರಿ, ಅದನ್ನು ಅವರೇ ನೋಡಿ ಗುರುತು ಮಾಡಿರುತ್ತಾರೆ. ಸಮುದ್ರಮಟ್ಟದಿಂದ 3,500 ಅಡಿಗಿಂತ ಮೇಲೆ ಟೆಂಟ್ ಹಾಕಬಾರದು, ಡಿಸೆಂಬರ್ 21ರಿಂದ ಮಾರ್ಚ್ 21ರ ಚಳಿಗಾಲ ಬಿಟ್ಟು. ಮೇಲಿನ ಮಣ್ಣು ತೆಳ್ಳಗೆ, ಅಲ್ಲಿನ ಗಿಡ ಒಮ್ಮೆ ತುಳಿತಕ್ಕೆ ಸಿಕ್ಕರೆ ಮತ್ತೆ ಚಿಗುರಲು ವರ್ಷಗಟ್ಟಲೆ ಬೇಕು. ಹತ್ತು ಜನ ಅಥವಾ ಹೆಚ್ಚು ಇದ್ದರೆ, ಇಲ್ಲವೇ ಒಂದೇ ಜಾಗದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಉಳಿಯುವುದಾದರೆ ಫಾರೆಸ್ಟ್ ರೇಂಜರ್ ಹತ್ತಿರ ಪರ್ಮಿಟ್ ತೆಗೆದುಕೊಳ್ಳಬೇಕು. ನಮ್ಮವರು ನಾಲ್ಕು ಮನೆಯವರು ಸೇರಿ ಹೋಗುವುದು ಜಾಸ್ತಿ. ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಹತ್ತು ದಾಟಿರುತ್ತದೆ, ಅಲ್ವಾ? ಎಣಿಸಿಕೊಂಡು ಹೊರಡಿ. ಇನ್ನೊಂದು ಮಾತು, ಅದೇ ಬೆಟ್ಟಗಳಲ್ಲಿ ನ್ಯೂಯಾರ್ಕ್ ಸಿಟಿಯ ಕುಡಿಯುವ ನೀರಿನ ಜಲಾಶಯಗಳ ಸುತ್ತ ಸಿಟಿಯವರ ಜಮೀನಿದೆ. ಅಲ್ಲಿ ನಡೆಯಲು ಬಿಟ್ಟರೂ ಮಲಗಲು ಬಿಡುವುದಿಲ್ಲ.

ಈ ನಿಯಮಗಳ ಒಳಗಿದ್ದರೆ ಕಾನೂನಿನ ಭಯ ಬೇಡ. ರೇಂಜರ್ ಎದುರಾದರೆ ಎಲ್ಲಿಂದ ಬಂದಿರಿ, ಊಟದ ಚೀಲ ಎಲ್ಲಿ ಇಡುತ್ತೀರಿ ಅಂತ ವಿಚಾರಿಸುತ್ತಾರೆ, ಮುಂದಿನ ಹಳ್ಳದಲ್ಲಿ ನೀರಿದೆಯೋ ಇಲ್ಲವೋ ಅಂತಲೂ ಹೇಳಿ ಹೋಗುತ್ತಾರೆ. ನ್ಯೂಯಾರ್ಕ್ ರೇಂಜರ್‌ಗಳ ತುರ್ತು ನಂಬರ್ 833-697-7264. ಫೋನಲ್ಲೂ ಇಟ್ಟುಕೊಳ್ಳಿ, ಒಂದು ಚೀಟಿಯಲ್ಲೂ ಬರೆದುಕೊಳ್ಳಿ. ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ದಿಬ್ಬ ಹತ್ತಿದರೆ ಸಿಗಬಹುದು.

ನೀವು ಕುಮಾರ ಪರ್ವತ ನೆನೆಸಿಕೊಂಡಿರಿ. ಈಗ ಅಲ್ಲಿ ಹಾಗೆ ಬೆಟ್ಟದ ಮೇಲೆ ಮಲಗುವಂತಿಲ್ಲ. 2024ರ ಜನವರಿಯಲ್ಲಿ ಒಂದು ರಜೆಯ ವಾರಾಂತ್ಯ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಮಾಡಿ ಇಷ್ಟೇ ಜನ ಅಂತ ಮಿತಿ ಹಾಕುವ ಏರ್ಪಾಡಿಗೆ ಅರಣ್ಯ ಇಲಾಖೆ ಹೋಯಿತು. ಬೆಂಗಳೂರಿನ ಪಕ್ಕದ ಕಾಡುಗಳಲ್ಲಂತೂ ಆನೆ ಓಡಾಡುತ್ತದೆ, ರಾತ್ರಿ ಅಲ್ಲಿ ಉಳಿಯುವ ಮಾತೇ ಬೇಡ. ಕುಮಾರ ಪರ್ವತದ ಹಾಗೆ ಜನ ನುಗ್ಗಿ ಕೆಟ್ಟ ಜಾಗ ಇಲ್ಲೂ ಒಂದಿದೆ. ಕ್ಯಾಟ್‌ಸ್ಕಿಲ್‌ನ ಪೀಕಮೂಸ್ ಬ್ಲೂ ಹೋಲ್ ಅಂತ ಒಂದು ಹಳ್ಳದ ಗುಂಡಿ ಇದೆ, ನೀರು ಗಾಜಿನ ಹಾಗೆ ಹಸಿರು-ನೀಲಿ. ಫೋಟೋಗಳು ಹರಿದಾಡಿದವು, ಬೇಸಿಗೆಯ ಶನಿವಾರ, ಭಾನುವಾರ ಆ ಚಿಕ್ಕ ಗುಂಡಿಗೆ ಜನವೋ ಜನ, ಕಸದ ರಾಶಿ, ಮರದ ಹಿಂದೆಲ್ಲ ಮಲ. ಆ ನೀರು ಮುಂದೆ ಹೋಗಿ ಸೇರುವುದು ಸಿಟಿಯವರು ಕುಡಿಯುವ ಜಲಾಶಯಕ್ಕೆ. ಈಗ ಅಲ್ಲಿ ಕ್ಯಾಂಪಿಂಗ್ ನಿಷೇಧ. ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಹಗಲು ಹೋಗಲಿಕ್ಕೂ ಪರ್ಮಿಟ್ ಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪುಕ್ಕಟೆ ಜಾಗದಲ್ಲಿ ನಿಮ್ಮ ಹಿಂದೆ ಬಂದು ಗುಡಿಸುವ ಕೆಲಸದವರು ಇಲ್ಲ. ನೀವು ಬಿಟ್ಟದ್ದು ಅಲ್ಲೇ ಬಿದ್ದಿರುತ್ತದೆ, ನಾಲ್ಕು ಜನ ಬಿಟ್ಟರೆ ಆ ಜಾಗ ಮುಚ್ಚುತ್ತದೆ. ನಾನು ಹದಿನೈದು ವರ್ಷದಿಂದ ಈ ಎರಡೂ ಕಾಡುಗಳಲ್ಲಿ ನಡೆಯುತ್ತಿದ್ದೇನೆ, ಆಗೊಮ್ಮೆ ಈಗೊಮ್ಮೆ ಕಸ ಹೊತ್ತು ತರಲು ಹೋಗುತ್ತೇನೆ. ಶೆಲ್ಟರ್ ಒಲೆಯ ಬೂದಿಯಲ್ಲಿ ಅರ್ಧ ಸುಟ್ಟ ಫಾಯಿಲ್ ಪೊಟ್ಟಣ ಸಿಗದ ದಿನ ಇಲ್ಲ. ರೆಡಿ ಟು ಈಟ್ ಪೊಟ್ಟಣ ಬೆಂಕಿಯಲ್ಲಿ ಸುಡುವುದಿಲ್ಲ, ಬರೀ ಕರಕಲಾಗುತ್ತದೆ. ದಯವಿಟ್ಟು ಹಾಕಬೇಡಿ.

ಈಗ ಕರಡಿ. ಹೌದು, ಎರಡೂ ಕಡೆ ಕಪ್ಪು ಕರಡಿಗಳಿವೆ. ನಮ್ಮ ಊರಿನ ಕರಡಿಯಂತೆ ಎದುರಾದ ಕೂಡಲೇ ಮೇಲೆ ಬೀಳುವ ಸ್ವಭಾವ ಇವಕ್ಕಿಲ್ಲ, ಸಾಮಾನ್ಯವಾಗಿ ಮನುಷ್ಯರ ಸದ್ದಿಗೇ ಸರಿದು ಹೋಗುತ್ತವೆ. ಅವಕ್ಕೆ ಬೇಕಿರುವುದು ನಿಮ್ಮ ಬುತ್ತಿ. ನಮ್ಮ ಅಡುಗೆಯ ವಾಸನೆ ಎಷ್ಟು ದೂರ ಹೋಗುತ್ತದೆ ಅಂತ ನಮಗೇ ಅಂದಾಜಿಲ್ಲ. ಶುರುವಿನ ವರ್ಷಗಳಲ್ಲಿ ನಾವು ನಾಲ್ವರು ಗೆಳೆಯರು ಹ್ಯಾರಿಮನ್‌ನ ಒಂದು ಶೆಲ್ಟರ್‌ನಲ್ಲಿ ಪುಳಿಯೋಗರೆ ಡಬ್ಬ, ತುಪ್ಪದ ಬಾಟಲಿ ಎಲ್ಲವನ್ನೂ ಚೀಲದೊಳಗೇ ಬಿಟ್ಟು, ಚೀಲವನ್ನು ಗೋಡೆಗೆ ಒರಗಿಸಿ ಮಲಗಿದೆವು. ರಾತ್ರಿ ಎರಡು ಗಂಟೆಗೆ ಚೀಲ ಎಳೆದಾಡುವ ಸದ್ದು. ಟಾರ್ಚ್ ಹಾಕಿದರೆ ಹತ್ತು ಅಡಿ ದೂರದಲ್ಲಿ ಕರಡಿ. ಕೂಗಿದೆವು, ಪಾತ್ರೆ ಬಡಿದೆವು, ಅದು ಆತುರವೇ ಇಲ್ಲದೆ ಚೀಲ ಕಚ್ಚಿಕೊಂಡು ಹೋಯಿತು. ನಮಗೆ ಏನೂ ಆಗಲಿಲ್ಲ. ಆದರೆ ಮುಂದಿನ ವಾರ ಅದೇ ಶೆಲ್ಟರ್‌ಗೆ ಹೋದವರ ಹತ್ತಿರ ಕರಡಿ ಸಂಜೆ ಬೆಳಕಿರುವಾಗಲೇ ಬಂತು ಅಂತ ಆಮೇಲೆ ತಿಳಿಯಿತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದುಂಟು. ಆ ಕರಡಿಗೆ ಏನಾಯಿತೋ ಅನ್ನುವ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೇ ಹೇಳುವುದು, ಒಂದು ಬೇರ್ ಕ್ಯಾನಿಸ್ಟರ್ ತನ್ನಿ. ಗಟ್ಟಿ ಪ್ಲಾಸ್ಟಿಕ್ ಡಬ್ಬ, ಕರಡಿಗೆ ತೆರೆಯಲು ಬರುವುದಿಲ್ಲ. ಹ್ಯಾರಿಮನ್, ಕ್ಯಾಟ್‌ಸ್ಕಿಲ್‌ನಲ್ಲಿ ಕಡ್ಡಾಯವಿಲ್ಲ, ಆದರೂ ತನ್ನಿ. ಹಗ್ಗ ಕಟ್ಟಿ ಚೀಲವನ್ನು 15 ಅಡಿ ಎತ್ತರಕ್ಕೆ, ಕಾಂಡದಿಂದ 10 ಅಡಿ ಆಚೆ ತೂಗುಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ, ಕತ್ತಲಲ್ಲಿ ಅಂಥ ಕೊಂಬೆ ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ಡಬ್ಬದೊಳಗೆ ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಮಗನ ಜೇಬಿನ ಚಾಕೊಲೇಟ್, ಕಸದ ಕವರ್, ಎಲ್ಲ ಹೋಗಬೇಕು. ರಾತ್ರಿ ಅದನ್ನು ಟೆಂಟ್‌ನಿಂದ 100 ಅಡಿಯಾದರೂ ದೂರ, ಇಳಿಜಾರಿಲ್ಲದ ಕಡೆ ಇಡಿ. ಅಡುಗೆ, ಊಟವೂ ಟೆಂಟ್‌ನಿಂದ ದೂರವೇ. ಶೆಲ್ಟರ್‌ಗಳಲ್ಲಿ ಕರಡಿಗಿಂತ ಇಲಿ ಕಾಟ ಜಾಸ್ತಿ. ಖಾಲಿ ಚೀಲದ ಜಿಪ್ಪುಗಳನ್ನು ತೆರೆದೇ ಬಿಡಿ, ಮುಚ್ಚಿದ್ದರೆ ಕಡಿದು ತೂತು ಮಾಡಿ ಒಳಗೆ ಹೋಗುತ್ತವೆ.

ಊಟಕ್ಕೆ ಒಂದು ಸಲಹೆ. ಮೊದಲ ರಾತ್ರಿಗೆ ಒಗ್ಗರಣೆ ಹಾಕುವ ಅಡುಗೆ ಬೇಡ. ಗೊಜ್ಜವಲಕ್ಕಿ ಮನೆಯಲ್ಲೇ ಕಲೆಸಿ ಒಯ್ಯಿರಿ. ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ನೀರು ಬೆರೆಸಿದರೆ ಬೆಳಗಿನ ತಿಂಡಿ ಆಯಿತು. ಇಲ್ಲಿನ ಅಂಗಡಿಗಳಲ್ಲಿ ಟ್ರೆಕ್ಕಿಂಗ್‌ಗೆ ಅಂತ ದುಬಾರಿ ಬೆಲೆಗೆ ಮಾರುವ ಒಣ ಊಟಕ್ಕಿಂತ ನಮ್ಮ ಹುರಿಹಿಟ್ಟು ಹಗುರ, ಹೊಟ್ಟೆಯಲ್ಲೂ ನಿಲ್ಲುತ್ತದೆ. ಹೊಲಕ್ಕೆ, ದೂರದ ದಾರಿಗೆ ಹೋಗುವವರಿಗೆ ಅಂತಲೇ ಹುಟ್ಟಿದ ತಿಂಡಿ ಅದು. ಚಹಾಕ್ಕೆ ಒಂದು ಚಿಕ್ಕ ಗ್ಯಾಸ್ ಒಲೆ ಸಾಕು.

ನನಗೆ ಕರಡಿಗಿಂತ ಜಾಸ್ತಿ ಭಯ ಉಣ್ಣಿಯದು. ಮಲೆನಾಡಿನವರು ಉಣುಗು ಅಂತಾರಲ್ಲ, ಅದೇ ಜಾತಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣಿಯೇ, ಇಲ್ಲಿ ಲೈಮ್ ಕಾಯಿಲೆ ಹರಡುವುದೂ ಉಣ್ಣಿಯೇ. ಅದು ವೈರಸ್, ಇದು ಬ್ಯಾಕ್ಟೀರಿಯಾ, ಸಮಯಕ್ಕೆ ಔಷಧಿ ಕೊಟ್ಟರೆ ವಾಸಿಯಾಗುತ್ತದೆ. ಲೈಮ್ ಅನ್ನುವುದು ಪಕ್ಕದ ಕನೆಕ್ಟಿಕಟ್‌ನ ಒಂದು ಊರಿನ ಹೆಸರು, ಅಂದರೆ ಈ ಕಾಯಿಲೆಯ ತವರಿನಲ್ಲೇ ನಾವಿದ್ದೇವೆ. ಮರಿ ಉಣ್ಣಿ ಗಸಗಸೆ ಕಾಳಿನಷ್ಟಿರುತ್ತದೆ, ಮೇಯಿಂದ ಜುಲೈ ತನಕ ಅದರ ಕಾಲ. ನೀವು ಹೋಗುವ ಅಕ್ಟೋಬರ್‌ನಲ್ಲಿ ದೊಡ್ಡ ಉಣ್ಣಿಗಳು ಏಳುತ್ತವೆ, ಅವು ಕಣ್ಣಿಗೆ ಬೀಳುತ್ತವೆ, ಅಷ್ಟೇ ಸಮಾಧಾನ. ಪ್ಯಾಂಟ್, ಸಾಕ್ಸ್, ಶೂಗಳಿಗೆ 0.5 ಶೇಕಡಾ ಪರ್ಮೆಥ್ರಿನ್ ಅನ್ನುವ ಕೀಟನಾಶಕದ ಸ್ಪ್ರೇ ಹೊಡೆದು ಹಿಂದಿನ ದಿನವೇ ಒಣಗಿಸಿಡಿ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ಸಂಜೆ ಒಂದು ಸಲ, ಮನೆಗೆ ಬಂದು ಸ್ನಾನ ಮಾಡುವಾಗ ಇನ್ನೊಂದು ಸಲ ಮೈಯೆಲ್ಲ ನೋಡಿ. ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿ ಹಿಂದೆ, ಮಗನ ತಲೆಕೂದಲೊಳಗೆ. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲೆ ಎಳೆಯಿರಿ. ಬೆಂಕಿಕಡ್ಡಿ, ಎಣ್ಣೆ ಏನೂ ಬೇಡ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ದಾಟುತ್ತದೆ, ಹಾಗಾಗಿ ಬೇಗ ಹುಡುಕಿ ತೆಗೆಯುವುದೇ ಅರ್ಧ ಚಿಕಿತ್ಸೆ. ತೆಗೆದ ಮೇಲೆ ಡಾಕ್ಟರಿಗೆ ಫೋನ್ ಮಾಡಿ. ಮೊದಲ ಮೂರು ದಿನದೊಳಗೆ ಕೊಡಬಹುದಾದ ಒಂದೇ ಡೋಸಿನ ಔಷಧಿ ಇದೆ, ಬೇಕೋ ಬೇಡವೋ ಅವರು ಹೇಳುತ್ತಾರೆ. ಮುಂದೆ ಒಂದು ತಿಂಗಳು ಕಚ್ಚಿದ ಜಾಗದಲ್ಲಿ ಕೆಂಪು ಹರಡುತ್ತದಾ, ಜ್ವರ ಬರುತ್ತದಾ ನೋಡುತ್ತಿರಿ.

ಹಾವಿನ ವಿಷಯ ಬೇಗ ಮುಗಿಸುತ್ತೇನೆ. ಹ್ಯಾರಿಮನ್‌ನ ಬಂಡೆಗಳಲ್ಲಿ ರ‍್ಯಾಟಲ್‌ಸ್ನೇಕ್ ಅನ್ನುವ ವಿಷದ ಬುಡುಬುಡಿಕೆ ಹಾವು ಇದೆ, ಕಾನೂನಿನ ರಕ್ಷಣೆಯೂ ಇದೆ ಅದಕ್ಕೆ. ಕಾಣದ ಬಿರುಕಿಗೆ ಕೈ ಹಾಕಬೇಡಿ, ಕಂಡರೆ ದೂರದಿಂದ ಸುತ್ತಿ ಹೋಗಿ.

ಜನ ಮರೆಯುವ ಒಂದು ಅಪಾಯ ತಲೆಯ ಮೇಲಿರುತ್ತದೆ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಜೀರುಂಡೆಯಿಂದ ಇಲ್ಲಿನ ಆಶ್ ಮರಗಳು ಸಾಲುಸಾಲಾಗಿ ನಿಂತಲ್ಲೇ ಸತ್ತಿವೆ. ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ನೋಡಿ. ತೊಗಟೆ ಉದುರಿದ ಮರ, ಸಿಕ್ಕಿಹಾಕಿಕೊಂಡ ಒಣ ಕೊಂಬೆ ಮೇಲಿದ್ದರೆ ಆ ಜಾಗ ಬೇಡ, ನೆಲ ಎಷ್ಟೇ ಸಮತಟ್ಟಾಗಿದ್ದರೂ ಬೇಡ. ಇಂಥ ಹುಳುಗಳು ಹರಡಬಾರದು ಅಂತಲೇ ನ್ಯೂಯಾರ್ಕ್‌ನಲ್ಲಿ ಬಿಸಿಯಲ್ಲಿ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ. ನಿಮ್ಮ ಹಿತ್ತಿಲಿನ ಸೌದೆ ಕಾರಿಗೆ ತುಂಬಬೇಡಿ.

ಬೆಂಕಿ ಹಾಕಲೇಬೇಕೆಂದರೆ ಹ್ಯಾರಿಮನ್‌ನಲ್ಲಿ ಶೆಲ್ಟರ್‌ನ ಒಲೆಯಲ್ಲಿ ಮಾತ್ರ, ನೆಲಕ್ಕೆ ಬಿದ್ದ ಒಣ ಕಟ್ಟಿಗೆಯಿಂದ ಮಾತ್ರ. ನನ್ನ ಕೇಳಿದರೆ ಶರತ್ಕಾಲದಲ್ಲಿ ಬೆಂಕಿಯೇ ಬೇಡ. 2024ರ ನವೆಂಬರ್‌ನಲ್ಲಿ ಹ್ಯಾರಿಮನ್‌ನಿಂದ ಸ್ವಲ್ಪವೇ ದೂರದ ಗ್ರೀನ್‌ವುಡ್ ಲೇಕ್ ಹತ್ತಿರ ಜೆನ್ನಿಂಗ್ಸ್ ಕ್ರೀಕ್ ಕಾಳ್ಗಿಚ್ಚು 5 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು, ಬೆಂಕಿ ಆರಿಸಲು ಹೋದ 18 ವರ್ಷದ ಒಬ್ಬ ಹುಡುಗ ತೀರಿಕೊಂಡ. ಆಗ ರಾಜ್ಯದ ತುಂಬ ಬಯಲಲ್ಲಿ ಬೆಂಕಿ ಹಾಕುವುದನ್ನೇ ನಿಲ್ಲಿಸಿದ್ದರು. ಎಲೆ ಉದುರಿ, ಮಳೆ ಇಲ್ಲದೆ ನೆಲವೆಲ್ಲ ಹಪ್ಪಳದ ಹಾಗೆ ಒಣಗಿರುವ ಕಾಲ ಅದು. ಹೊರಡುವ ಹಿಂದಿನ ದಿನ ಬೆಂಕಿ ನಿಷೇಧ ಇದೆಯಾ, ಟ್ರೇಲ್ ಮುಚ್ಚಿದೆಯಾ ಅಂತ ಪಾರ್ಕಿನ ವೆಬ್‌ಸೈಟ್ ನೋಡಿ.

ಬೆಂಕಿ ಇಲ್ಲದೆ ಚಳಿಗೆ ಏನು ಮಾಡುವುದು ಅಂತೀರಾ? ಬೆಂಕಿ ಮಲಗಿದವರನ್ನು ಬೆಚ್ಚಗಿಡುವುದಿಲ್ಲ, ಕೆಳಗಿನ ಮ್ಯಾಟ್ ಇಡುತ್ತದೆ. ಎಲ್ಲರೂ ಸ್ಲೀಪಿಂಗ್ ಬ್ಯಾಗ್‌ಗೆ ದುಡ್ಡು ಸುರಿಯುತ್ತಾರೆ, ಮ್ಯಾಟ್ ಬಗ್ಗೆ ಯೋಚಿಸುವುದಿಲ್ಲ. ನಿಮ್ಮ ಭಾರಕ್ಕೆ ಬ್ಯಾಗಿನ ಕೆಳಭಾಗ ಒತ್ತಿಹೋಗಿರುತ್ತದೆ, ಮೈಯ ಬಿಸಿಯನ್ನೆಲ್ಲ ನೆಲ ಎಳೆದುಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಕ್ಯಾಟ್‌ಸ್ಕಿಲ್‌ನ ಎತ್ತರದಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ, ಹ್ಯಾರಿಮನ್‌ನಲ್ಲಿ ಅಷ್ಟಿಲ್ಲದಿದ್ದರೂ ಎಡಿಸನ್‌ಗಿಂತ ಚಳಿ ಜಾಸ್ತಿಯೇ. ಕಾಟನ್ ಬಟ್ಟೆ ಮನೆಯಲ್ಲೇ ಬಿಡಿ, ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿ ಕದಿಯುತ್ತದೆ. ಮಲಗಲಿಕ್ಕೆಂದೇ ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಿ. ಎಲ್ಲವನ್ನೂ ಕೊಳ್ಳಬೇಕಿಲ್ಲ. ಕೆಲವು ಆರ್‌ಇಐ ಅಂಗಡಿಗಳಲ್ಲಿ ಟೆಂಟ್, ಬ್ಯಾಗ್, ಮ್ಯಾಟ್ ಬಾಡಿಗೆಗೆ ಸಿಗುತ್ತವೆ.

ನೀರು. ಕಾಡಿನ ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ, ಜಿಯಾರ್ಡಿಯಾ ಅನ್ನುವ ಹೊಟ್ಟೆಯ ಪರಾವಲಂಬಿ ಇರುತ್ತದೆ. ಕೈಯಲ್ಲಿ ಹಿಂಡುವ ಫಿಲ್ಟರ್ ಒಂದು ತನ್ನಿ, ಇಲ್ಲವೇ ಒಂದು ನಿಮಿಷ ಕುದಿಸಿ. ಆ ಫಿಲ್ಟರ್ ಒಳಗೆ ನೀರು ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ, ಚಳಿಯಿದ್ದರೆ ರಾತ್ರಿ ಬ್ಯಾಗ್ ಒಳಗೆ ಇಟ್ಟುಕೊಂಡು ಮಲಗಿ. ಹ್ಯಾರಿಮನ್‌ನ ಎಷ್ಟೋ ಶೆಲ್ಟರ್‌ಗಳು ಬೆಟ್ಟದ ನೆತ್ತಿಯಲ್ಲಿವೆ, ಸೆಪ್ಟೆಂಬರ್ ಹೊತ್ತಿಗೆ ಪಕ್ಕದ ಸಣ್ಣ ಹಳ್ಳಗಳು ಒಣಗಿರುತ್ತವೆ. ಮೂವರಿಗೆ ಆರೇಳು ಲೀಟರ್ ಹೊತ್ತೇ ಹೋಗಿ. ಭಾರ ಆಗುತ್ತದೆ, ಗೊತ್ತು. ಅದಕ್ಕೇ ಎರಡು ಮೈಲಿ ಅಂದದ್ದು.

ನೀವು ಕೇಳದ, ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆ, ಬೆಳಗಿನ ಕೆಲಸ. ಒಂದು ಚಿಕ್ಕ ಸಲಿಕೆ ತನ್ನಿ. ನೀರು, ದಾರಿ, ಶೆಲ್ಟರ್ ಎಲ್ಲದರಿಂದ 70-80 ಹೆಜ್ಜೆ ದೂರ ಹೋಗಿ, 6ರಿಂದ 8 ಅಂಗುಲ ಆಳದ ಗುಂಡಿ ತೋಡಿ, ಆಮೇಲೆ ಅದೇ ಮಣ್ಣಿಂದ ಮುಚ್ಚಿ. ಟಿಶ್ಯೂ ಬಳಸುವವರು ಅದನ್ನು ಜಿಪ್ ಕವರಿನಲ್ಲಿ ವಾಪಸ್ ತರಬೇಕು. ನೀರು ಬಳಸುವ ನಮಗೆ ಇದು ಸುಲಭ. ಇದಕ್ಕೆಂದೇ ಬೇರೆ ಬಣ್ಣದ ಒಂದು ಬಾಟಲಿ ಇಟ್ಟುಕೊಳ್ಳಿ, ಗುಂಡಿಯ ಹತ್ತಿರವೇ ತೊಳೆದುಕೊಳ್ಳಿ, ಹಳ್ಳಕ್ಕೆ ಇಳಿಯಬೇಡಿ. ಸೋಪು ಯಾವುದೇ ಇರಲಿ, ಗಿಡಮೂಲಿಕೆಯದ್ದೇ ಇರಲಿ, ಹರಿಯುವ ನೀರಿಗೆ ಬೀಳಬಾರದು.

ಮಗನನ್ನು ಮೊದಲೇ ತಯಾರು ಮಾಡಿ. ಕಾಡಿನಲ್ಲಿ ರಾತ್ರಿ ಸದ್ದಿಲ್ಲ ಅಂತ ಹೇಳಬೇಡಿ, ತುಂಬಾ ಸದ್ದಿರುತ್ತದೆ. ಒಣ ಎಲೆ ಮೇಲೆ ಇಲಿ ಓಡಿದರೂ ಟೆಂಟ್ ಒಳಗೆ ದೊಡ್ಡ ಪ್ರಾಣಿ ಬಂದಂತೆ ಕೇಳುತ್ತದೆ. ಗೂಬೆ ಕೂಗುತ್ತದೆ, ದೂರದಲ್ಲಿ ತೋಳದ ಜಾತಿಯ ಕಾಯೋಟಿಗಳು ಊಳಿಡಬಹುದು. ಯಾವುದು ಯಾರ ಕೂಗು ಅಂತ ಮನೆಯಲ್ಲೇ ಒಂದು ಸಲ ಕೇಳಿಸಿಬಿಡಿ, ಆಮೇಲೆ ಕಾಡಲ್ಲಿ ಅವನೇ ನಿಮಗೆ ಹೇಳುತ್ತಾನೆ. ಅವನಿಗೆ ಅವನದೇ ಒಂದು ಟಾರ್ಚ್, ಕುತ್ತಿಗೆಗೆ ಒಂದು ಸೀಟಿ. ದಾರಿ ತಪ್ಪಿದರೆ ಓಡಬಾರದು, ಒಂದು ಮರ ಹಿಡಿದು ನಿಂತು ಮೂರು ಸಲ ಊದಬೇಕು ಅಂತ ಹೇಳಿಕೊಡಿ. ಕಾಗದದ ನಕ್ಷೆ ಇಟ್ಟುಕೊಳ್ಳಿ. ನ್ಯೂಯಾರ್ಕ್-ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್ ಅನ್ನುವ ಸ್ವಯಂಸೇವಕರ ಸಂಘ 1920ರಿಂದ ಈ ದಾರಿಗಳನ್ನು ನೋಡಿಕೊಳ್ಳುತ್ತಿದೆ, ಅವರ ನಕ್ಷೆಯಲ್ಲಿ ಪ್ರತಿ ಶೆಲ್ಟರ್ ಇದೆ. ಮರದ ಮೇಲೆ ಬಣ್ಣದ ಗುರುತು ಇರುತ್ತದೆ. ಮುಂದಿನ ಗುರುತು ಹುಡುಕುವ ಕೆಲಸ ಮಗನಿಗೇ ಕೊಡಿ, ದಾರಿ ಸಾಗುವುದೇ ಗೊತ್ತಾಗುವುದಿಲ್ಲ.

ಬೇರೆ ಊರುಗಳ ಕನ್ನಡಿಗರೂ ಇದನ್ನು ಓದುತ್ತಿದ್ದರೆ ಎರಡು ಮಾತು. ಪಶ್ಚಿಮದ ರಾಜ್ಯಗಳಲ್ಲಿ ನಿಮಗೆ ನಮಗಿಂತ ಅನುಕೂಲ ಜಾಸ್ತಿ. ಫೀನಿಕ್ಸ್ ಪಕ್ಕದಲ್ಲೇ ಟಾಂಟೋ, ಸಿಯಾಟಲ್ ಪಕ್ಕದಲ್ಲಿ ಮೌಂಟ್ ಬೇಕರ್-ಸ್ನೋಕ್ವಾಲ್ಮಿ ನ್ಯಾಷನಲ್ ಫಾರೆಸ್ಟ್ ಇವೆ. ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ನಿಷೇಧ ಇಲ್ಲದ ಕಡೆ ಸಾಮಾನ್ಯವಾಗಿ 14 ದಿನದವರೆಗೂ ಪುಕ್ಕಟೆ ಉಳಿಯಬಹುದು. ಕ್ಯಾಲಿಫೋರ್ನಿಯಾದವರು ಗ್ಯಾಸ್ ಒಲೆ ಹಚ್ಚಲಿಕ್ಕೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುವ ಕ್ಯಾಂಪ್‌ಫೈರ್ ಪರ್ಮಿಟ್ ಇಟ್ಟುಕೊಂಡಿರಬೇಕು.

ನಿಮಗೆ ನನ್ನ ಸಲಹೆ ಇಷ್ಟು. ಸೆಪ್ಟೆಂಬರ್ ಕೊನೆಯ ವಾರ, ಹ್ಯಾರಿಮನ್, ಒಂದೇ ರಾತ್ರಿ. ರಜೆ ಹಾಕಲು ಆದರೆ ಭಾನುವಾರ ರಾತ್ರಿ ಅಥವಾ ವಾರದ ಮಧ್ಯೆ ಹೋಗಿ. ಅಕ್ಟೋಬರ್ ಎರಡನೇ ಸೋಮವಾರದ ಉದ್ದದ ರಜೆ ಬೇಡ, ಎಲೆಯ ಬಣ್ಣ ನೋಡಲು ಅರ್ಧ ನ್ಯೂಯಾರ್ಕ್ ಅಲ್ಲಿರುತ್ತದೆ. ಹೊರಡುವ ಮುಂಚೆ ಯಾವ ಶೆಲ್ಟರ್, ಕಾರು ಎಲ್ಲಿ, ಎಷ್ಟು ಗಂಟೆಗೆ ವಾಪಸ್, ಇಷ್ಟು ಬರೆದು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿ. ಆ ಸಮಯಕ್ಕೆ ನೀವು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲೇ ಇರಲಿ. ಆ ವಾರ ಸೂರ್ಯ ಮುಳುಗುವುದು ಏಳಕ್ಕೆ ಹತ್ತಿರ ಹತ್ತಿರ, ಮರದಡಿ ಅದಕ್ಕೂ ಮುಂಚೆ ಕತ್ತಲಾಗುತ್ತದೆ. ನಾಲ್ಕು ಗಂಟೆಗೆಲ್ಲ ಶೆಲ್ಟರ್ ತಲುಪಿರಿ. ಅಷ್ಟು ಹೊತ್ತಿಗೆ ಹೋದರೆ ಟೆಂಟಿಗೆ ಒಳ್ಳೆಯ ಜಾಗವೂ ಸಿಗುತ್ತದೆ, ಬೆಳಕಿರುವಾಗಲೇ ಅವಲಕ್ಕಿ ಮುಗಿಸಿ ಡಬ್ಬ ದೂರ ಇಟ್ಟು ಬರಬಹುದು.